ಮಾಗಿಯ ಚಳಿಯಲ್ಲಿ ಹಿತ್ತಿಲ ಕೋಳಿ

ಮಾಗಿಯ ಚಳಿ ಬಿದ್ದೊಡನೆ ಹಿತ್ತಿಲಲ್ಲಿ ಕೋಳಿ ಸಾಕುವವರು ಮೊದಲು ಮಾಡುವ ಕೆಲಸವೆಂದರೆ ಗೂಡಿನ ಸಂದುಗೊಂದುಗಳಿಗೆಲ್ಲ ಗೋಣಿಚೀಲ, ಪ್ಲಾಸ್ಟಿಕ್ ಹಾಳೆ ತುರುಕುವುದು. ಕಾಳಜಿಯಿಂದಲೇ ಮಾಡುವ ಈ ಕೆಲಸ ಎಷ್ಟೋ ಸಲ ಕೋಳಿಗಳನ್ನು ಕಾಯಿಲೆಗೆ ದೂಡುತ್ತದೆ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಪುಕ್ಕ ಬಲಿತ, ಆರೋಗ್ಯವಾಗಿರುವ ಕೋಳಿ ಅಷ್ಟು ಚಳಿಯನ್ನು ತಡೆದುಕೊಳ್ಳುತ್ತದೆ. ಅದಕ್ಕೆ ತಡೆಯಲಾಗದ್ದು ತೇವ.

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ, ಅಂದರೆ ನಮ್ಮದಕ್ಕಿಂತ ನಾಲ್ಕು ಡಿಗ್ರಿಯಷ್ಟು ಹೆಚ್ಚು. ಹೊರಗರಿಗಳ ಅಡಿಯಲ್ಲಿರುವ ಮೆತ್ತನೆಯ ತುಪ್ಪುಳು ಗಾಳಿಯನ್ನು ಹಿಡಿದಿಟ್ಟುಕೊಂಡು ಈ ಬಿಸಿ ಸೋರಿಹೋಗದಂತೆ ನೋಡಿಕೊಳ್ಳುತ್ತದೆ. ಬೆಳಗಿನ ಜಾವ ಕೋಳಿ ಗರಿ ನಿಮಿರಿಸಿ ಉಬ್ಬಿ ಕೂರುವುದು ಆ ಗಾಳಿಯ ಪದರವನ್ನು ದಪ್ಪಗೊಳಿಸಿಕೊಳ್ಳಲು. ಗರಿಯಿಲ್ಲದ ಕಾಲಿನಲ್ಲಿ ವ್ಯವಸ್ಥೆ ಬೇರೆ: ಕೆಳಗಿಳಿಯುವ ಬಿಸಿರಕ್ತದ ನಾಳವೂ ಮೇಲೇರುವ ತಣ್ಣನೆಯ ರಕ್ತದ ನಾಳವೂ ಪಕ್ಕಪಕ್ಕದಲ್ಲೇ ಇರುವುದರಿಂದ ಬಿಸಿಯ ಬಹುಪಾಲು ಪಾದ ತಲುಪುವ ಮೊದಲೇ ಮೈಗೆ ಮರಳುತ್ತದೆ. ಆದರೆ ಗರಿ ಒದ್ದೆಯಾದರೆ, ಇಲ್ಲವೇ ಗಾಳಿ ನೇರವಾಗಿ ಮೈಗೆ ಬಡಿದರೆ, ಗಾಳಿಯ ಪದರ ಕೆಟ್ಟು ಕೋಳಿ ಸೊರಗುತ್ತದೆ.

ಮುಚ್ಚಿದ ಗೂಡಿನಲ್ಲಿ ತೇವ ಹುಟ್ಟುವುದು ಕೋಳಿಯ ಉಸಿರಿನಿಂದ ಮತ್ತು ಹಿಕ್ಕೆಯಿಂದ. ಹಿಕ್ಕೆಯ ಮೇಲೆ ಕಾಣುವ ಬಿಳಿಯ ಭಾಗ ಯೂರಿಕ್ ಆಮ್ಲ. ತೇವ ಸಿಕ್ಕರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯ ಮಾಡುತ್ತವೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅಮೋನಿಯ 25 ಭಾಗ ಮೀರಿದರೆ ಕಣ್ಣು ಉರಿಯುತ್ತದೆ, ಶ್ವಾಸನಾಳದಿಂದ ಧೂಳನ್ನೂ ರೋಗಾಣುಗಳನ್ನೂ ಹೊರದೂಡುವ ಸೂಕ್ಷ್ಮ ರೋಮಗಳು ಕೆಲಸ ನಿಲ್ಲಿಸುತ್ತವೆ, ಉಸಿರಾಟದ ರೋಗಗಳಿಗೆ ದಾರಿ ಸಲೀಸಾಗುತ್ತದೆ. ನಾವು ನಿಂತು ಮೂಸಿದರೆ ಇದು ಗೊತ್ತಾಗದೆ ಹೋಗಬಹುದು; ಬೆಳಿಗ್ಗೆ ಗೂಡಿನ ಬಾಗಿಲು ತೆರೆದೊಡನೆ ಕುಕ್ಕರಗಾಲಿನಲ್ಲಿ ಕುಳಿತು, ಕೋಳಿಯ ತಲೆಯ ಮಟ್ಟದಲ್ಲಿ ಉಸಿರೆಳೆದು ನೋಡಬೇಕು. ನೆಲಕ್ಕೆ ಹಾಸಿದ ಬತ್ತದ ಹೊಟ್ಟನ್ನು ಒಂದು ಹಿಡಿ ತೆಗೆದು ಅದುಮಿ ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ಅದನ್ನು ಬದಲಿಸುವ ಕಾಲ ಬಂದಿದೆ ಎಂದರ್ಥ.

ಹಾಗಾಗಿ ಗೋಣಿಚೀಲವನ್ನು ಗಾಳಿ ಬೀಸುವ ಕಡೆಗೆ, ಕೋಳಿಗಳು ಕೂರುವ ಎತ್ತರದವರೆಗೆ ಮಾತ್ರ ಕಟ್ಟಿ, ಸೂರಿನಡಿ ಸಂದು ಬಿಡಬೇಕು. ಬೆಚ್ಚನೆಯ ತೇವದ ಗಾಳಿ ತಾನಾಗಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ.

ನಿಜವಾಗಿ ಕಾವು ಬೇಕಿರುವುದು ಮರಿಗಳಿಗೆ. ತುಪ್ಪುಳು ಹೋಗಿ ಗರಿ ಮೂಡುವವರೆಗೆ ಅವು ತಮ್ಮ ಮೈಬಿಸಿಯನ್ನು ಕಾಪಾಡಿಕೊಳ್ಳಲಾರವು. ಹೇಂಟೆಯ ರೆಕ್ಕೆಯಡಿ ಇದ್ದರೆ ಚಿಂತೆಯಿಲ್ಲ. ಗಿರಿರಾಜದಂಥ ಸುಧಾರಿತ ತಳಿಯ ಮರಿಗಳನ್ನು ತಂದು ಸಾಕುವವರು ಮೊದಲ ವಾರ ಸುಮಾರು 35 ಡಿಗ್ರಿ ಕಾವು ಕೊಟ್ಟು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಥರ್ಮಾಮೀಟರ್‌ಗಿಂತ ಮರಿಗಳನ್ನೇ ನಂಬುವುದು ಮೇಲು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಕಾವು ಸಾಲದು, ಬಾಯಿ ತೆರೆದು ದೂರ ಸರಿದಿದ್ದರೆ ಹೆಚ್ಚಾಗಿದೆ, ಎಲ್ಲವೂ ಒಂದೇ ಮೂಲೆಗೆ ಸೇರಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ. ಮುಚ್ಚಿದ ಜಾಗದಲ್ಲಿ ಇದ್ದಿಲ ಕೆಂಡ ಮಾತ್ರ ಇಡಕೂಡದು. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮರಿಗಳನ್ನು ರಾತ್ರೋರಾತ್ರಿ ಕೊಲ್ಲಬಲ್ಲದು.

ಸಂಜೆ ಗೂಡು ಸೇರುವ ಮುನ್ನ ಒಂದಿಷ್ಟು ಮುಸುಕಿನ ಜೋಳ ಅಥವಾ ರಾಗಿ ಹಾಕಿದರೆ, ಅದು ಜೀರ್ಣವಾಗುವಾಗ ಹುಟ್ಟುವ ಬಿಸಿಯೂ ರಾತ್ರಿಗೆ ಒದಗುತ್ತದೆ.

ಮೊಟ್ಟೆ ಕಡಿಮೆಯಾಯಿತೆಂದು ಗೂಡಿಗೆ ದೀಪ ಹಾಕುವವರಿದ್ದಾರೆ. ಹಗಲಿನ ಉದ್ದವನ್ನು ಕೋಳಿ ಕಣ್ಣಿನಿಂದಷ್ಟೇ ಅಲ್ಲದೆ ತಲೆಬುರುಡೆಯ ಮೂಲಕ ಮೆದುಳಿಗೆ ತಲುಪುವ ಬೆಳಕಿನಿಂದಲೂ ಅರಿಯುತ್ತದೆ. ಹೆಚ್ಚು ಮೊಟ್ಟೆಯಿಡುವ ತಳಿಗಳಿಗೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಹಗಲು ಎಂಟು ಗಂಟೆಗೆ ಕುಗ್ಗುತ್ತದೆ, ಬೆಂಗಳೂರಿನದು 11 ಗಂಟೆಗಿಂತ ಕೆಳಗಿಳಿಯುವುದಿಲ್ಲ; ಹಾಗಾಗಿ ಬೆಳಕಿನ ಕೊರತೆ ನಮ್ಮಲ್ಲಿ ಅಲ್ಲಿನಷ್ಟಿಲ್ಲ. ದೀಪ ಹಾಕುವುದೇ ಆದರೆ ನಸುಕಿನಲ್ಲಿ ಹಾಕಬೇಕು, ಏಕೆಂದರೆ ಸಂಜೆ ಹಾಕಿ ಥಟ್ಟನೆ ಆರಿಸಿದರೆ ಕೋಳಿಗಳಿಗೆ ಕೂರುವ ಗಳು ಕಾಣದೆ ನೆಲದಲ್ಲೇ ಉಳಿಯುತ್ತವೆ. ಮನೆಯ ಮಟ್ಟಿಗೆ ಸಾಕಿದ ನಾಟಿ ಕೋಳಿಗಂತೂ ಇದರ ಅಗತ್ಯವೇ ಇಲ್ಲ. ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುವ ಆ ದಿನಗಳಲ್ಲಿ ಅದರ ಪ್ರೋಟೀನು ಮೊಟ್ಟೆಗಿಂತ ಪುಕ್ಕಕ್ಕೆ ಹೋಗುವುದೇ ಒಳ್ಳೆಯದು.