ಕೀಟನಾಶಕ ಕಾರ್ಖಾನೆಯ ನೆಲವನ್ನು ಮಳೆಯೇ ತೊಳೆದುಬಿಡುವುದಿಲ್ಲವೇ?

ಪ್ರಶ್ನೆ: ಕಾರ್ಖಾನೆ ಮುಚ್ಚಿ ಮೂವತ್ತು ವರ್ಷಗಳಾದವು. ಇಷ್ಟು ಮಳೆಗಾಲಗಳಲ್ಲಿ ವಿಷವೆಲ್ಲ ತೊಳೆದುಹೋಗಿರಬೇಕಲ್ಲವೇ? ಇನ್ನೂ ಶುದ್ಧೀಕರಣವೆಂದು ಹಣ ಸುರಿಯುವುದೇಕೆ?

ಉತ್ತರ: ಮಾತು ಬದಲಾದರೂ ಈ ಪ್ರಶ್ನೆ ಬರುವುದು ನಿಂತಿಲ್ಲ. ತೊಳೆದುಹೋದದ್ದು ಇಲ್ಲವಾಯಿತು ಎಂಬ ನಂಬಿಕೆಯೇ ಪ್ರತಿ ಸಲವೂ ಅದರ ಬುಡದಲ್ಲಿರುತ್ತದೆ. ಅದು ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಒಂದು ಉದಾಹರಣೆ ನೋಡಿ: ಅಮೆರಿಕದ ಕ್ಯಾಲಿಫೋರ್ನಿಯಾದ ಟಾರನ್ಸ್ ಬಳಿ ಮಾಂಟ್ರೋಸ್ ಕಂಪನಿಯು 1947ರಿಂದ 1982ರವರೆಗೆ ಡಿಡಿಟಿ ಎಂಬ ಕೀಟನಾಶಕವನ್ನು ತಯಾರಿಸಿತು. ಅಲ್ಲಿನ ನೆಲಕ್ಕೆ ಸೇರಿದ ಮೂರು ಪದಾರ್ಥಗಳು ಮೂರು ಬಗೆಯಲ್ಲಿ ವರ್ತಿಸಿದವು. ಡಿಡಿಟಿ ಒಂದು ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೊಗ್ರಾಂನಷ್ಟು ಕರಗುತ್ತದೆ. ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು ಕೂರುವ ಅದನ್ನು ಮಳೆಯು ಕೆಸರಿನೊಂದಿಗೆ ಚರಂಡಿಗೆ ಸಾಗಿಸಬಲ್ಲದೇ ಹೊರತು ತೊಳೆಯಲಾರದು. ಡಿಡಿಟಿಯ ಕಚ್ಚಾವಸ್ತುವಾದ ಕ್ಲೋರೊಬೆಂಜೀನ್ ನೀರಿಗಿಂತ ಭಾರವಾದ್ದರಿಂದ ಅಂತರ್ಜಲದ ಮಟ್ಟವನ್ನೂ ದಾಟಿ ಕೆಳಗಿಳಿದು, ಜೇಡಿಪದರಗಳ ಮೇಲೆ ತೆಳುವಾಗಿ ಹರಡಿ ನಿಂತು, ಅಲ್ಲಿಂದ ದಶಕಗಟ್ಟಲೆ ನೀರಿಗೆ ಸೇರುತ್ತಲೇ ಇರುತ್ತದೆ. ಇನ್ನು ತಯಾರಿಕೆಯ ಉಪೋತ್ಪನ್ನವಾದ ಪ್ಯಾರಾ-ಕ್ಲೋರೊಬೆಂಜೀನ್ ಸಲ್ಫೋನಿಕ್ ಆಮ್ಲವು ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಓದುಗರು ಹೇಳುವಂತೆ ನಿಜಕ್ಕೂ ತೊಳೆದುಹೋದದ್ದು ಇದೊಂದೇ, ಮತ್ತು ಅಂತರ್ಜಲದಲ್ಲಿ ಅತಿ ದೂರ ಹಬ್ಬಿದ್ದೂ ಇದೇ.

ನೀರನ್ನು ಪಂಪ್ ಮಾಡಿ, ವಿಷವನ್ನು ಹೀರಿಕೊಳ್ಳುವ ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿದರೆ ಸಾಲದೇ? ಮೊದಮೊದಲು ವಿಷದ ಪ್ರಮಾಣ ಬೇಗ ಇಳಿಯುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಆದರೆ ಇಷ್ಟು ವರ್ಷ ಜೇಡಿಯೊಳಗೆ ನುಸುಳಿದ್ದ ವಿಷವು ಸುತ್ತಲಿನ ನೀರು ಶುದ್ಧವಾದಂತೆ ಹಿಂದಿರುಗಿ ಹೊರಬರುವುದರಿಂದ, ಪಂಪ್ ನಿಲ್ಲಿಸಿದರೆ ಪ್ರಮಾಣ ಮತ್ತೆ ಏರುತ್ತದೆ. ಮಾಂಟ್ರೋಸ್‌ನಲ್ಲಿ ಮೂಲದ ಸಮೀಪದ ಅಂತರ್ಜಲವನ್ನು ಕುಡಿಯುವ ಮಟ್ಟಕ್ಕೆ ತರುವುದು ತಾಂತ್ರಿಕವಾಗಿ ಅಸಾಧ್ಯವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ 1999ರಲ್ಲಿ ಒಪ್ಪಿಕೊಂಡು, ಆ ಭಾಗದ ವಿಷವನ್ನು ಹೊರಗೆ ಹರಡದಂತೆ ತಡೆದಿಡುವ, ಅದರಾಚೆಯದನ್ನು ಮಾತ್ರ ಶುದ್ಧಗೊಳಿಸುವ ತೀರ್ಮಾನಕ್ಕೆ ಬಂದಿತು.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಅತಿ ಕಲುಷಿತವಾದ ಮಣ್ಣನ್ನು ಅಗೆದು ತೆಗೆಯಬಹುದು, ಆಳದಲ್ಲಿರುವುದನ್ನು ನೆಲವನ್ನೇ ಕಾಯಿಸಿ ಆವಿಯಾಗಿಸಿ ಹೀರಬಹುದು. ಇಲ್ಲಿ ಭೌತಶಾಸ್ತ್ರ ನಮ್ಮ ಪರವಾಗಿದೆ: ಸುಮಾರು 132 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಕ್ಲೋರೊಬೆಂಜೀನ್, ನೀರಿನ ಜೊತೆಗಿರುವಾಗ ಸುಮಾರು 90 ಡಿಗ್ರಿಯಲ್ಲೇ ಕುದಿದು ಮೇಲೇಳುತ್ತದೆ. ಉಳಿದ ಮಣ್ಣಿನ ಮೇಲೆ ನೀರು ಇಳಿಯದಂತಹ ಹೊದಿಕೆ ಹಾಸುತ್ತಾರೆ. ಮಳೆ ತೊಳೆಯಲಿ ಎಂದು ಕಾಯುವವರು ಇದನ್ನು ಗಮನಿಸಬೇಕು: ಇಂತಹ ಜಾಗಗಳಲ್ಲಿ ಮೊದಲು ಕೈಗೊಳ್ಳುವ ಕೆಲಸಗಳಲ್ಲಿ ಒಂದು, ಮಳೆನೀರು ಒಳಗೆ ಇಳಿಯದಂತೆ ನೋಡಿಕೊಳ್ಳುವುದು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಕೇಳದೆಯೇ ಮಾಡಿಬಿಡುವವರಿದ್ದಾರೆ. ಮೇಲಿನ ನೀರು ಕೆಟ್ಟಿದೆಯೆಂದು ಇನ್ನಷ್ಟು ಆಳಕ್ಕೆ ಕೊಳವೆಬಾವಿ ಕೊರೆಸಿದರೆ, ವಿಷವನ್ನು ತಡೆದು ನಿಲ್ಲಿಸಿದ್ದ ಜೇಡಿಪದರಕ್ಕೇ ತೂತು ಬೀಳುತ್ತದೆ. ಭಾರವಾದ ದ್ರವಕ್ಕೆ ಕೆಳಗಿಳಿಯಲು ದಾರಿಯಾಗುತ್ತದೆ, ಮೇಲಾಗಿ ಪಂಪ್ ಅದನ್ನು ತನ್ನತ್ತ ಸೆಳೆಯುತ್ತದೆ. ಪರೀಕ್ಷೆಗೆಂದು ಕೊರೆಯುವ ಬಾವಿಗಳಲ್ಲಿಯೂ ಮೇಲಿನ ಪದರದವರೆಗೆ ಕೇಸಿಂಗ್ ಪೈಪ್ ಇಳಿಸಿ, ಅದರ ಸುತ್ತ ಸಿಮೆಂಟ್ ತುಂಬಿ, ಅದು ಗಟ್ಟಿಯಾದ ಮೇಲಷ್ಟೇ ಮುಂದಿನ ಪದರಕ್ಕೆ ಕೊರೆಯಬೇಕು.