ಲೇಹ್‌ಗೆ ಹೋದ ಮೊದಲ ಎರಡು ದಿನ ಸುಮ್ನೆ ಮಲಗಿ

ಬೆಂಗಳೂರಿನಿಂದ ಲಡಾಖ್ ಕಡೆ ಶಿಖರ ಹತ್ತಲು ಹೊರಡುವವರು ಈಗ ಜಾಸ್ತಿ. ಮೊದಲ ಸಲ ಆರು ಸಾವಿರ ಮೀಟರ್ ದಾಟಬೇಕು ಅನ್ನುವವರ ಪಟ್ಟಿಯಲ್ಲಿ ಮಾರ್ಖಾ ಕಣಿವೆಯ ಕಾಂಗ್ ಯಾತ್ಸೆ-2 ಇದ್ದೇ ಇರುತ್ತದೆ. ಅದರ ಎತ್ತರ ಸುಮಾರು 6,250 ಮೀಟರ್. ತಿಂಗಳುಗಟ್ಟಲೆ ಮೊದಲೇ ತಯಾರಿ ಶುರು. ಬೆಳಗ್ಗೆ ಓಟ, ಸಂಜೆ ಅಪಾರ್ಟ್‌ಮೆಂಟಿನ ಮೆಟ್ಟಿಲು, ಶನಿವಾರ ಬಂದರೆ ಬೆನ್ನಿಗೆ ಭಾರದ ಬ್ಯಾಗು ಏರಿಸಿಕೊಂಡು ಸಾವನದುರ್ಗವೋ ಸ್ಕಂದಗಿರಿಯೋ.

ಇದೆಲ್ಲ ಬೇಕು. ಅದರಲ್ಲೂ ಇಳಿಯುವ ಅಭ್ಯಾಸ ಬೇಕು, ತೊಡೆ ಹಿಡಿಯುವುದು ಇಳಿಯುವಾಗಲೇ. ಹೊಸ ಬೂಟನ್ನು ಊರಲ್ಲೇ ಹಾಕಿ ಪಳಗಿಸಿಕೊಳ್ಳಬೇಕು. ಆದರೆ ಇದು ಕಾಲಿಗೂ ಹೃದಯಕ್ಕೂ ಆದ ತಯಾರಿ, ಎತ್ತರಕ್ಕಲ್ಲ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ವಿಮಾನ ಇಳಿಯುವ ಲೇಹ್ ಪಟ್ಟಣವೇ ಸುಮಾರು 3,500 ಮೀಟರ್‌ನಲ್ಲಿದೆ. ಎತ್ತರದ ತಯಾರಿ ಅಲ್ಲಿಗೆ ಹೋದಮೇಲೆಯೇ ಆಗಬೇಕು. ತಮಾಷೆ ಅಂದರೆ, ಅದರ ಮುಖ್ಯ ಭಾಗ ನಡೆಯುವುದು ನಾವು ಏನೂ ಮಾಡದೆ ಕೂತಿರುವಾಗ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇ. 21ರಷ್ಟೇ. ಮಲ್ಪೆ ಬೀಚಲ್ಲೂ ಅಷ್ಟೇ, ಎವರೆಸ್ಟ್ ತುದಿಯಲ್ಲೂ ಅಷ್ಟೇ. ಮೇಲೇರಿದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 5,500 ಮೀಟರ್‌ಗೆ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ, ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಭಾಗಕ್ಕೆ. ಉಸಿರು ಅಷ್ಟೇ ಎಳೆದರೂ ಒಳಗೆ ಹೋಗುವ ಆಮ್ಲಜನಕ ಕಡಿಮೆ.

ಗಟ್ಟಿಮುಟ್ಟಾದವರಿಗೆ ಇದು ತಟ್ಟುವುದಿಲ್ಲ ಅನ್ನುವ ನಂಬಿಕೆ ಇದೆ. 1962ರ ಚೀನಾ ಯುದ್ಧದ ಹೊತ್ತಿಗೆ ಬಯಲುಸೀಮೆಯ ಸೈನಿಕರನ್ನು ಅವಸರದಲ್ಲಿ ಹಿಮಾಲಯಕ್ಕೆ ಏರಿಸಬೇಕಾಯಿತು. ಎಲ್ಲರೂ ಕಸರತ್ತು ಮಾಡಿದ ಹುಡುಗರೇ. ಆದರೂ ಬಹಳ ಮಂದಿ ತಲೆನೋವು, ವಾಂತಿ, ಉಸಿರಾಟದ ತೊಂದರೆಯಿಂದ ಮಲಗಿಬಿಟ್ಟರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಜೊತೆಯವರು ಹೀಗೆ ಕಾಯಿಲೆ ಬಿದ್ದ 1,925 ಸೈನಿಕರ ವಿವರ ಕಲೆಹಾಕಿ 1969ರಲ್ಲಿ ಪ್ರಕಟಿಸಿದರು. ಎತ್ತರದ ಕಾಯಿಲೆಯ ಬಗ್ಗೆ ಜಗತ್ತು ಇವತ್ತಿಗೂ ಉಲ್ಲೇಖಿಸುವ ಅಧ್ಯಯನ ಅದು. ಈಗ ಸೇನೆ ಯಾರನ್ನೂ ನೇರ ಮೇಲಕ್ಕೆ ಕಳಿಸುವುದಿಲ್ಲ. ಮೊದಲ ಹಂತದಲ್ಲೇ ಆರು ದಿನ ನಿಲ್ಲಿಸುತ್ತಾರೆ, ಅದರಲ್ಲಿ ಮೊದಲೆರಡು ದಿನ ಬರೀ ವಿಶ್ರಾಂತಿ.

ಆ ದಿನಗಳಲ್ಲಿ ಒಳಗೆ ಏನು ನಡೆಯುತ್ತದೆ? ಕುತ್ತಿಗೆಯ ದೊಡ್ಡ ರಕ್ತನಾಳ ಕವಲೊಡೆಯುವ ಜಾಗದಲ್ಲಿ, ಎರಡೂ ಕಡೆ, ಅಕ್ಕಿಕಾಳಿನಷ್ಟು ದೊಡ್ಡ ಒಂದು ಅಂಗವಿದೆ. ರಕ್ತದಲ್ಲಿ ಆಮ್ಲಜನಕ ಇಳಿದಿದ್ದು ಮೊದಲು ಗೊತ್ತಾಗುವುದು ಅದಕ್ಕೆ. ಕೂಡಲೇ ಉಸಿರಾಟದ ವೇಗ ಹೆಚ್ಚಿಸುತ್ತದೆ. ಆದರೆ ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಕೂಡ ಜಾಸ್ತಿ ಹೊರಗೆ ಹೋಗಿ ರಕ್ತ ಕ್ಷಾರವಾಗುತ್ತದೆ. ಇದು ಮಿದುಳಿಗೆ ಇಷ್ಟವಿಲ್ಲ, ಉಸಿರು ಕಡಿಮೆ ಮಾಡು ಅನ್ನುತ್ತದೆ. ಒಬ್ಬರು ಎಳಿ ಅಂದರೆ ಇನ್ನೊಬ್ಬರು ಬಿಡು ಅನ್ನುವ ಈ ಜಗಳ ರಾತ್ರಿ ಟೆಂಟಿನಲ್ಲಿ ಚೆನ್ನಾಗಿ ಕೇಳಿಸುತ್ತದೆ. ಪಕ್ಕದಲ್ಲಿ ಮಲಗಿದವರ ಉಸಿರು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಕೆಲವು ಸೆಕೆಂಡು ಸದ್ದೇ ಇಲ್ಲ. ನೀವು ಗಾಬರಿಯಾಗಿ ಎದ್ದು ಕೂರುವಷ್ಟರಲ್ಲಿ ಅವರು ದೊಡ್ಡದಾಗಿ ಉಸಿರೆಳೆದು, ನಾಲ್ಕಾರು ಸಲ ಜೋರಾಗಿ ಉಸಿರಾಡಿ, ಮತ್ತೆ ನಿಲ್ಲಿಸುತ್ತಾರೆ. ಆ ಎತ್ತರದಲ್ಲಿ ಇದು ಮಾಮೂಲು.

ಜಗಳ ಬಿಡಿಸುವುದು ಮೂತ್ರಪಿಂಡ. ಹೆಚ್ಚಾದ ಕ್ಷಾರವನ್ನು ಬೈಕಾರ್ಬೊನೇಟ್ ರೂಪದಲ್ಲಿ ಮೂತ್ರದ ಮೂಲಕ ಹೊರಹಾಕುತ್ತದೆ. ಮೇಲೆ ಹೋದವರು ಚಳಿಯಲ್ಲೂ ಪದೇ ಪದೇ ಟೆಂಟಿನಿಂದ ಹೊರಗೆ ಓಡುವುದು ಇದಕ್ಕೇ. ಬೇಜಾರು ಮಾಡಿಕೊಳ್ಳಬೇಡಿ, ಅದು ಒಳ್ಳೆಯ ಲಕ್ಷಣ. ಆದರೆ ಈ ಕೆಲಸಕ್ಕೆ ದಿನಗಳೇ ಬೇಕು, ಎಷ್ಟು ಓಡಿದವರಾದರೂ ಅದನ್ನು ಅವಸರ ಮಾಡಲು ಬರುವುದಿಲ್ಲ. ಕೆಂಪು ರಕ್ತಕಣ ಹೆಚ್ಚುವುದಂತೂ ವಾರಗಳ ಮಾತು. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ಮಾಡುವುದೂ ಇದೇ, ಬೈಕಾರ್ಬೊನೇಟ್ ಹೊರಹಾಕುವುದನ್ನು ಚುರುಕು ಮಾಡುತ್ತದೆ. ಬೆರಳ ತುದಿ ಜುಮ್ಮೆನ್ನುವುದು, ಸೋಡಾ ಕುಡಿದರೆ ರುಚಿ ಕೆಟ್ಟಂತೆ ಅನ್ನಿಸುವುದು ಅದರ ಅಡ್ಡಪರಿಣಾಮ. ಡಾಕ್ಟರನ್ನು ಕೇಳದೆ ನುಂಗಬೇಡಿ. ಇನ್ನು, ಲೀಟರ್‌ಗಟ್ಟಲೆ ನೀರು ಕುಡಿದರೆ ಎತ್ತರದ ಕಾಯಿಲೆ ಬರುವುದಿಲ್ಲ ಅಂತ ಸಿಕ್ಕವರೆಲ್ಲ ಹೇಳುತ್ತಾರೆ. ಬಾಯಾರದಷ್ಟು ಕುಡಿಯಬೇಕು ನಿಜ, ಆದರೆ ಅದು ಕಾಯಿಲೆಗೆ ತಡೆಯಲ್ಲ.

ದಿನ ಕೊಟ್ಟರೆ ದೇಹ ಎಷ್ಟು ದೂರ ಬರುತ್ತದೆ ಅನ್ನುವುದಕ್ಕೆ ಎರಡು ಘಟನೆ ನೋಡಿ. 1875ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಮೂವರು ಜೆನಿತ್ ಎಂಬ ಬಲೂನಿನಲ್ಲಿ ಕೆಲವೇ ಗಂಟೆಗಳಲ್ಲಿ ಎಂಟು ಸಾವಿರ ಮೀಟರ್ ದಾಟಿದರು. ಆಮ್ಲಜನಕದ ಚೀಲ ಜೊತೆಗೇ ಇತ್ತು. ಅದನ್ನು ಬಳಸಬೇಕೆನ್ನುವಷ್ಟರಲ್ಲಿ ಪ್ರಜ್ಞೆ ತಪ್ಪಿತ್ತು. ಬದುಕಿ ಬಂದವರು ಗಾಸ್ತೋನ್ ತಿಸ್ಸಾಂಡಿಯೇ ಒಬ್ಬರೇ. 2007ರಲ್ಲಿ ಬ್ರಿಟನ್ನಿನ ವೈದ್ಯರ ತಂಡವೊಂದು ವಾರಗಟ್ಟಲೆ ಒಗ್ಗಿಕೊಂಡು ಎವರೆಸ್ಟ್ ಹತ್ತಿತು. ಇಳಿಯುವಾಗ 8,400 ಮೀಟರ್‌ನಲ್ಲಿ ನಾಲ್ವರು ಆಮ್ಲಜನಕದ ಮುಖವಾಡ ತೆಗೆದು, ಸ್ವಲ್ಪ ಹೊತ್ತು ಅಲ್ಲಿನ ಗಾಳಿಯನ್ನೇ ಉಸಿರಾಡಿ, ಆಮೇಲೆ ಆ ಚಳಿಯಲ್ಲಿ ಸೂಟಿನ ಜಿಪ್ ಬಿಚ್ಚಿ ತೊಡೆಸಂದಿಯ ರಕ್ತನಾಳದಿಂದ ರಕ್ತ ತೆಗೆಸಿಕೊಂಡರು. ಆ ರಕ್ತವನ್ನು 6,400 ಮೀಟರ್‌ನ ಲ್ಯಾಬಿಗೆ ಇಳಿಸಿ ಪರೀಕ್ಷಿಸಿದರು. ರಕ್ತದಲ್ಲಿ ಆಮ್ಲಜನಕದ ಒತ್ತಡ ಸರಾಸರಿ 24.6 ಮಿಲಿಮೀಟರ್ ಪಾದರಸದಷ್ಟು ಇತ್ತು. ಸಮುದ್ರಮಟ್ಟದಲ್ಲಿ ಆರೋಗ್ಯವಾಗಿರುವವರಿಗೆ ಅದು ಸುಮಾರು 80ರಿಂದ 100 ಇರುತ್ತದೆ. ಆ ನಾಲ್ವರು ಕೆಳಗೆ ನಡೆದು ಬಂದರು.

ಹಾಗಾಗಿ ಟ್ರೆಕ್ ಕಂಪನಿಯವರನ್ನು ಮೊದಲು ಕೇಳಬೇಕಾದ್ದು ದುಡ್ಡಲ್ಲ. ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಅಂತ ಕೇಳಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಂದು ದಿನ ಅಲ್ಲೇ ನಿಲ್ಲಬೇಕು. ಹಗಲು ಎತ್ತರಕ್ಕೆ ಹೋಗಿ ಬಂದು ಕೆಳಗೆ ಮಲಗಿದರೆ ತೊಂದರೆಯಿಲ್ಲ, ಅದು ಒಳ್ಳೆಯದೇ. ವಿಮಾನದಲ್ಲಿ ಲೇಹ್‌ಗೆ ಇಳಿದವರು ಈ ಲೆಕ್ಕವನ್ನು ಆಗಲೇ ಮುರಿದಿರುತ್ತಾರೆ ಅಲ್ವಾ? ಆ ಸಾಲ ತೀರಿಸಲು ಮೊದಲೆರಡು ದಿನ ಬಜಾರು ಸುತ್ತದೆ ಮಲಗಿ. ರಜೆ ಕಡಿಮೆ ಅಂತ ಅದೇ ದಿನ ಲೇಹ್‌ಗಿಂತ ಬಹಳ ಎತ್ತರದ ಖಾರ್ದುಂಗ್ ಲಾ ಘಾಟಿಗೆ ಗಾಡಿ ಹತ್ತುವವರನ್ನು ನೋಡಿದರೆ ನನಗಂತೂ ಸಿಟ್ಟು ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಒಗ್ಗುವುದಿಲ್ಲ. ತಲೆನೋವಿನ ಜೊತೆಗೆ ವಾಕರಿಕೆ, ಸುಸ್ತು ಇದ್ದರೆ ಅದು ಹೋಗುವವರೆಗೆ ಮುಂದಿನ ಕ್ಯಾಂಪಿಗೆ ಏರಬೇಡಿ. ಕೂತಲ್ಲೇ ಏದುಸಿರು, ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲು ಹೇಳಿ ನೋಡಿ. ತೂರಾಡಿದರೆ ಮಿದುಳು ಊದಿಕೊಂಡಿರಬಹುದು. ಇವೆರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು, ಜೊತೆಗೊಬ್ಬರನ್ನು ಕೊಟ್ಟು ಇಳಿಸಬೇಕು. 300ರಿಂದ 1,000 ಮೀಟರ್ ಇಳಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಕಾಂಗ್ ಯಾತ್ಸೆ ಬೇಸ್ ಕ್ಯಾಂಪಿನಿಂದ ಹಂಕರ್ ಹಳ್ಳಿಗೆ ಇಳಿದರೆ ಅಷ್ಟು ಎತ್ತರ ಕಳೆಯುತ್ತದೆ. ಆ ದಾರಿಯಲ್ಲಿ ಕುದುರೆ ಸಿಗುತ್ತದಾ, ರಾತ್ರಿ ಯಾರು ಜೊತೆ ಬರುತ್ತಾರೆ ಅನ್ನುವುದನ್ನು ಲೇಹ್‌ನಲ್ಲಿ ಸುಮ್ನೆ ಕೂತ ಆ ಎರಡು ದಿನದಲ್ಲೇ ಗೈಡ್ ಹತ್ತಿರ ಮಾತಾಡಿಕೊಳ್ಳಿ.