ಗೋಣಿಕೊಪ್ಪದ ಶೇರ್ ಫೋಲ್ಡರ್ ಓಪನ್ ಆಗ್ದೇ ಇದ್ದಿದ್ದಕ್ಕೆ 1983ರಿಂದ ಕಾರಣ ಇದೆ
ಮಳೆ ಜೋರಿದ್ದ ದಿನ ಗೋಣಿಕೊಪ್ಪದ ಒಂದು ಕಾಫಿ ವ್ಯಾಪಾರದ ಆಫೀಸಿಂದ ಫೋನು. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ತಂದಿದಾರೆ, ಮೂಲೇಲಿರೋ ಹಳೇ ಲಿನಕ್ಸ್ ಡಬ್ಬದಲ್ಲಿನ (ವಿಂಡೋಸ್ ಬದ್ಲು ಲಿನಕ್ಸ್ ಹಾಕಿರೋ ಕಂಪ್ಯೂಟರ್) ತೂಕದ ಲೆಕ್ಕದ ಫೋಲ್ಡರ್ ಓಪನ್ ಆಗ್ತಿಲ್ಲ, ಹಳೇ ಕಂಪ್ಯೂಟರಲ್ಲಿ ಮಾತ್ರ ಆಗ್ತದೆ. ಕೇಬಲ್ ಇಲಿ ಕಡಿದಿರ್ಬೇಕು ಅಂದ್ರು. ಇಲಿ ಪಾಪ, ಏನೂ ಮಾಡಿರ್ಲಿಲ್ಲ.

ವಿಷಯ ಏನಂದ್ರೆ ಪಿಸಿಗಳು ಫೈಲ್ ಹಂಚ್ಕೊಳ್ಳೋ ಎಸ್‌ಎಂಬಿ ಅನ್ನೋ ಭಾಷೆ 1983ರ ಸುಮಾರಿಗೆ ಐಬಿಎಂನ ಬ್ಯಾರಿ ಫೈಗನ್‌ಬಾಮ್ ಮಾಡಿದ್ದು, ಆಮೇಲೆ ಮೈಕ್ರೋಸಾಫ್ಟ್ ಅದನ್ನ ಬೆಳೆಸ್ತು. ಲಿನಕ್ಸಿನ ಹಿರಿಯಣ್ಣ ಯುನಿಕ್ಸ್ ಕಡೆ ಅದೇ ಕೆಲಸಕ್ಕೆ ಸನ್ ಕಂಪನಿಯ ಎನ್‌ಎಫ್‌ಎಸ್ ಬಂತು, 1984ರಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳೀತಿರ್ಲಿಲ್ಲ.

ದುಭಾಷಿ ಸಿಕ್ಕಿದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ. 1991ರ ಕೊನೇಲಿ ಅಲ್ಲಿ ಪಿಎಚ್‌ಡಿ ಮಾಡ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್‌ಗೆ ತನ್ನ ಡಾಸ್ (ವಿಂಡೋಸಿಗಿಂತ ಹಳೇದು) ಪಿಸಿಯಿಂದ ಯುನಿಕ್ಸ್ ಡಿಸ್ಕ್ ಬಳಸ್ಬೇಕಿತ್ತು, ಪುಸ್ತಕ ಇಲ್ಲ ದಾಖಲೆ ಇಲ್ಲ, ನೆಟ್‌ವರ್ಕಲ್ಲಿ ಹೋಗೋ ಪ್ಯಾಕೆಟ್‌ಗಳನ್ನ, ಅಂದ್ರೆ ಮಾಹಿತಿಯ ತುಣುಕುಗಳನ್ನ, ಹಿಡಿದು ನೋಡ್ತಾ ನೋಡ್ತಾ ಯಾವ ಮಾತಿಗೆ ಯಾವ ಉತ್ತರ ಅಂತ ಕಂಡ್ಹಿಡಿದು, ಯುನಿಕ್ಸ್ ಕಡೆಯಿಂದ ಎಸ್‌ಎಂಬಿ ಮಾತಾಡೋ ಪ್ರೋಗ್ರಾಂ ಬರೆದ. ನಮ್ಮಲ್ಲಿ ಎಷ್ಟೋ ಜನ ಸಂತೇಲಿ ನಿಂತು ನಿಂತೇ ಮಲಯಾಳ, ಕೊಡವ ತಕ್ಕ್ ಕಲಿತಿಲ್ವಾ, ಅದೇ ಥರ. ಆ ಪ್ರೋಗ್ರಾಮಿನ ಹೆಸರಿನ ಕಥೆ ಇನ್ನೂ ಮಜಾ: ಮೊದಲಿಟ್ಟ ಹೆಸರು ಬೇರೆ ಕಂಪನಿಯ ಟ್ರೇಡ್‌ಮಾರ್ಕ್ ಅಂತಾಯ್ತು, ಎಸ್, ಎಂ, ಬಿ ಇದೇ ಸಾಲಲ್ಲಿ ಬರೋ ಪದ ಹುಡುಕು ಅಂತ ಕಂಪ್ಯೂಟರಿಗೇ ಹೇಳಿದ, ಸಾಂಬಾ ಸಿಕ್ತು.

ಕದ್ದು ಕೇಳೋ ಕಾಲ ಮುಗಿಯೋಕೆ ಕೋರ್ಟ್ ಬೇಕಾಯ್ತು. ನಿಮ್ಮ ಸರ್ವರ್‌ಗಳ ಜೊತೆ ಮಾತಾಡೋಕೆ ಬೇಕಾದ ಮಾಹಿತಿ ಬೇರೆಯವ್ರಿಗೂ ಕೊಡಿ ಅಂತ ಯುರೋಪಿಯನ್ ಕಮಿಷನ್ 2004ರಲ್ಲಿ ಮೈಕ್ರೋಸಾಫ್ಟ್‌ಗೆ ಆದೇಶ ಮಾಡಿ 49.7 ಕೋಟಿ ಯೂರೋ ದಂಡ ಹಾಕ್ತು, 2007ರಲ್ಲಿ ಕೋರ್ಟೂ ಸರಿ ಅಂತು, ಆ ಡಿಸೆಂಬರಲ್ಲಿ ಸಾಂಬಾದವ್ರಿಗೆ ದಾಖಲೆ ಸಿಕ್ತು, 10,000 ಯೂರೋ ಕೊಟ್ಟು.

ಈಗ ನಮ್ಮ ಡಬ್ಬಕ್ಕೆ ಬರೋಣ. 2017ರ ಮೇನಲ್ಲಿ ವಾನಾಕ್ರೈ ವೈರಸ್ ವಿಂಡೋಸಿನ ಎಸ್‌ಎಂಬಿ 1ರಲ್ಲಿ, ಅಂದ್ರೆ ಆ ಭಾಷೆಯ ಹಳೇ ಆವೃತ್ತಿಲಿ, ಇದ್ದ ತೂತಿಂದ ನುಗ್ಗಿ ಆಸ್ಪತ್ರೆಗಳನ್ನೂ ಬಿಡ್ಲಿಲ್ಲ. ಅದೇ ವರ್ಷದ ಕೊನೆಯಿಂದ ಮೈಕ್ರೋಸಾಫ್ಟ್ ಹೊಸ ವಿಂಡೋಸ್ 10ರಿಂದ ಎಸ್‌ಎಂಬಿ 1ನ್ನ ಹಂತ ಹಂತವಾಗಿ ತೆಗೀತಾ ಬಂತು, 2019ರಲ್ಲಿ ಸಾಂಬಾ 4.11 ಕೂಡ ಅದನ್ನ ಆಫ್ ಮಾಡಿಟ್ತು. ಗೋಣಿಕೊಪ್ಪದ ಡಬ್ಬದಲ್ಲಿರೋದು ಸಾಂಬಾ 3.0, ಅದಕ್ಕೆ ಬರೋದು ಆ ಹಳೇ ಮಾತೊಂದೇ.

ವಿಂಡೋಸಲ್ಲಿ ಎಸ್‌ಎಂಬಿ 1 ಮತ್ತೆ ಆನ್ ಮಾಡಿದ್ರೆ ಐದು ನಿಮಿಷದ ಕೆಲಸ, ಸುಮಾರು ಜನ ಅದನ್ನೇ ಮಾಡೋದು. ನಾನು ಮಾಡ್ಲಿಲ್ಲ. ಕರೆಂಟ್ ಇದ್ದಷ್ಟು ಹೊತ್ತಲ್ಲಿ ಫೈಲೆಲ್ಲ ಹಾರ್ಡ್‌ಡಿಸ್ಕಿಗೆ ಎಳ್ಕೊಂಡು ಹೊಸ ಲಿನಕ್ಸ್, ಹೊಸ ಸಾಂಬಾ ಹಾಕಿ, ಮೊದಲಿದ್ದ, ಪಾಸ್‌ವರ್ಡ್ ಕೇಳ್ದೇ ಯಾರನ್ನೂ ಒಳಗೆ ಬಿಡೋ ಗೆಸ್ಟ್ ಲಾಗಿನ್ ತೆಗೆದು ಒಬ್ಬೊಬ್ಬರಿಗೂ ಪಾಸ್‌ವರ್ಡ್ ಕೊಟ್ಟು ಬಂದೆ. ಮರುದಿನ ಮತ್ತೆ ಫೋನು, ಮೊದಲೆಲ್ಲ ಪಾಸ್‌ವರ್ಡ್ ಕೇಳ್ತಿರ್ಲಿಲ್ವಲ್ಲಾ ಅಂತ.